ಪಲ್ಲವಿ ಎತ್ತಿಕೊಳ್ಳುವವರು

ಈಗಿನ ಹುಡುಗರು ಜಗಳವಾಡುವುದಿಲ್ಲ. ‘ತಪ್ಪು ತಿಳ್ಕೋಬ್ಯಾಡ’ ಎಂದು ಶುರು ಮಾಡಿ, ನಗುನಗುತ್ತಲೇ ಎದೆಗೆ ಮೊಳೆ ಹೊಡೆಯುತ್ತಾರೆ. ರೋಣದ ನಮ್ಮ ಕಾಲೇಜಿನಲ್ಲಿ ಇದಕ್ಕೆ ಆರೋಗ್ಯಕರ ಚರ್ಚೆ ಎಂದು ಹೆಸರು. ನಾನು ಅಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ವರ್ಷಕ್ಕೊಮ್ಮೆ ಆದೇಶ ಬಂದರೆ ನೌಕರಿ ಉಂಟು, ಇಲ್ಲದಿದ್ದರೆ ಇಲ್ಲ.

ಕನ್ನಡ ಸಂಘದಲ್ಲಿ ಅಫ್ರೀನ ತನ್ನೂರು ಶಿರೋಳದ ರಿವಾಯತ ಪದಗಳ ಬಗ್ಗೆ ಪ್ರಬಂಧ ಓದಿದಳು. ಮೊಹರಂನಲ್ಲಿ ಹಾಡುವ ಕರ್ಬಲಾದ ಕಥೆ, ಅಚ್ಚ ಕನ್ನಡದಲ್ಲಿ. ಅವಳಜ್ಜ ಅಬ್ದುಲಗನಿ ಸಾಲು ಎತ್ತಿದರೆ ಅದೇ ಊರಿನ ಗೆಳೆಯ ಪ್ರಭುಲಿಂಗಪ್ಪ ಪಲ್ಲವಿ ಎತ್ತಿಕೊಳ್ಳಬೇಕು. ಪಲ್ಲವಿ ತಿರುಗಿ ಬರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ನಲವತ್ತು ವರ್ಷದಿಂದ ಹೀಗೆಯೇ ನಡೆದಿದೆ. ನಾನೂ ಶಿರೋಳದವನೇ, ಚಿಕ್ಕಂದಿನಲ್ಲಿ ಅವರ ಹಿಂದೆ ನಿಂತು ಹಾಡಿದವನು. ಇದನ್ನು ತರಗತಿಯಲ್ಲಿ ಜಂಬದಿಂದ ಹೇಳಿಕೊಂಡೂ ಇದ್ದೆ.

ಓದು ಮುಗಿಯುತ್ತಲೇ ಪ್ರಭುಲಿಂಗಪ್ಪನ ಮೊಮ್ಮಗ ಸಿದ್ದಲಿಂಗ ಎದ್ದ. “ತಪ್ಪು ತಿಳ್ಕೋಬ್ಯಾಡ ಅಫ್ರೀನ. ಇದು ಕನ್ನಡ ಸಾಹಿತ್ಯನೋ, ನಿಮ್ಮ ಧರ್ಮದ ಪ್ರಚಾರನೋ?”

ಆ ಕಡೆಯ ಬೆಂಚಿನಿಂದ ಅವಳ ತರಗತಿಯ ಸಾಜೀದ ಎದ್ದ. “ನಮ್ಮ ಧರ್ಮದ ಹೆಸರು ತರಬ್ಯಾಡೋ ಮಾರಾಯಾ. ಹಿಂಗ ಹಾಡೂದು, ಕುಣಿಯೂದು ನಮ್ಮೊಳಗ ಇಲ್ಲ.”

ಜನ್ಮದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ಬಂದಿದ್ದರು: ಈ ಹಾಡು ನಮ್ಮದಲ್ಲ. ಅಫ್ರೀನ ಪ್ರಬಂಧದ ಹಾಳೆಗಳನ್ನು ಮಡಚಿದಳು. ನನಗೆ ಪಿತ್ತ ನೆತ್ತಿಗೇರಿತು. ಹಾಡುವವರನ್ನೇ ಕರೆಸುತ್ತೇನೆ, ಕೇಳಿ ಆಮೇಲೆ ಮಾತಾಡಿ ಎಂದುಬಿಟ್ಟೆ.

ಎಲ್ಲರೂ ಹೋದ ಮೇಲೆ ಅಫ್ರೀನ ಬಂದಳು. “ಬ್ಯಾಡ್ರಿ ಸರ್. ಬರೂ ವಾರ ಮೊಹರಂ ಐತಿ. ಈ ಮಾತು ಅಜ್ಜಾರ ಕಿವಿಗಿ ಬಿದ್ರ ಊರಾಗ ಹಾಡ ನಿಂತಹೋಗತೈತ್ರಿ.”

“ಏನೂ ಆಗಂಗಿಲ್ಲ, ಸುಮ್ಮನಿರವಾ” ಎಂದೆ. ನನ್ನ ಹುಂಬತನಕ್ಕೆ ಏನು ಹೇಳಲಿ!

ಶನಿವಾರ ಮುದುಕರಿಬ್ಬರೂ ಬಸ್ಸಿಳಿದು ಬಂದರು. ಒಗೆದ ಧೋತರ, ಹೆಗಲಿಗೆ ಟವೆಲ್ಲು, ಬೀಗರ ಮನೆಗೆ ಹೊರಟಷ್ಟು ಖುಷಿ. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕೂತರು. ಅಬ್ದುಲಗನಿ ಕಿವಿಯ ಮೇಲೆ ಕೈಯಿಟ್ಟುಕೊಂಡು ಇನ್ನೇನು ಹಾಡಬೇಕು, ಸಿದ್ದಲಿಂಗ ಮೊಬೈಲು ಎತ್ತಿ ಹಿಡಿದು ಎದ್ದು ನಿಂತ.

“ತಪ್ಪು ತಿಳ್ಕೋಬ್ಯಾಡಜ್ಜಾ, ಒಂದ ಪ್ರಶ್ನೆ. ಕೊಳ್ಳಾಗ ಲಿಂಗಾ ಕಟಗೊಂಡ ನೀ ಹಾಡೂದು ಯಾವ ದೇವರಿಗೆ?”

ಎಷ್ಟು ವಿನಯವೆಂದರೆ ತಡೆಯಲು ನನಗೆ ಕಾರಣವೇ ಸಿಗಲಿಲ್ಲ. ಪ್ರಭುಲಿಂಗಪ್ಪನ ಕೈ ಅಂಗಿಯೊಳಗಿನ ಲಿಂಗದ ಮೇಲೆ ಹೋಯಿತು, ಅಲ್ಲೇ ಉಳಿಯಿತು. ಅವನು ಮೊಮ್ಮಗನನ್ನು ನೋಡಿದ, ಮೊಬೈಲನ್ನು ನೋಡಿದ.

ಅಬ್ದುಲಗನಿ ಸಾಲು ಎತ್ತಿದ. ಪಲ್ಲವಿ ಬರಲಿಲ್ಲ. ಮತ್ತೆ ಎತ್ತಿದ. ಬರಲಿಲ್ಲ.

“ಯಾಕ ಪ್ರಭಣ್ಣ?”

“ಗಂಟಲಾ ಹಿಡದೈತಿ, ಗನಿಸಾಬ” ಎಂದ ಪ್ರಭುಲಿಂಗಪ್ಪ, ನೆಲ ನೋಡುತ್ತ.

ಅಬ್ದುಲಗನಿ ಮೂರನೆಯ ಸಲ ಅದೇ ಸಾಲು ಹಾಡಿ ಕಾದ. ನನಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕು ಎನಿಸಿತು. ಆಗ ಅಫ್ರೀನ ಎದ್ದು ನಿಂತಳು.

“ಸರ್, ನಿಮಗ ಬರತೈತಲ್ರಿ? ನೀವರೆ ಎತಗೊಳ್ರಿ.”

ಸಭೆಯೆಲ್ಲ ನನ್ನತ್ತ ತಿರುಗಿತು. ಸಿದ್ದಲಿಂಗನ ಮೊಬೈಲೂ ತಿರುಗಿತು. ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ನಾಲ್ಕೇ ನಾಲ್ಕು ಶಬ್ದಗಳ ಪಲ್ಲವಿ ಅದು, ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

“ಈಗ ವಂದನಾರ್ಪಣೆ” ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಬ್ದುಲಗನಿ ಕಿವಿಯ ಮೇಲಿನ ಕೈಯನ್ನು ಇನ್ನೂ ಇಳಿಸಿರಲಿಲ್ಲ.