ಉಳಿದದ್ದು ಕಾಡವ್ವ

ಶೇಂಗಾದ ಕೆಂಪು ಸಿಪ್ಪೆಯೊಂದು ಗಾಳಿಗೆ ಹಾರಿ ಯಲ್ಲಕ್ಕನ ಸೆರಗಿಗೆ ಅಂಟಿತು, ಹುಕ್ಕೇರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಗಂಡ ಲಗಮಪ್ಪ ಹುರಿದ ಕಾಳನ್ನು ಒಂದೊಂದೇ ತಿಕ್ಕಿ ಸಿಪ್ಪೆ ತೆಗೆಯುತ್ತಿದ್ದಾನೆ, ಎಷ್ಟು ನಾಜೂಕು — ಇಷ್ಟು ವರ್ಷದ ಸಂಸಾರದಲ್ಲಿ ಈ ನಾಜೂಕು ಎಲ್ಲಿ ಅಡಗಿತ್ತೋ, ಈಗ ಸುಲಿದು ಇವಳ ಬಾಯಿಗೇ ಇಡುತ್ತಾನೆ, ಕಾಡೀ, ಬಾಯಿ ತಗೀ — ಕಾಡಿಯಂತೆ! ಕಾಡವ್ವ, ಅವನ ಮೊದಲ ಹೆಂಡತಿ, ಯಲ್ಲಕ್ಕ ಈ ಮನೆ ಹೊಗುವ ಮೊದಲೇ ಸತ್ತವಳು, ಸತ್ತೂ ಬಿಡದವಳು, ಅವಳ ಹೆಸರಿನ ಬೆಳ್ಳಿಯ ಪುಟ್ಟ ಮುಖದ ಪದಕವನ್ನು ಮದುವೆಯ ದಿನವೇ ಅತ್ತೆ ಇವಳ ಕೊರಳಿಗೆ ಕಟ್ಟಿದ್ದಳು, ಸವತಿ ಸಿಟ್ಟಾಗಬಾರದು ನೋಡವಾ, ಆಕಿಗೂ ಉಣಸು, ಆಕಿಗೂ ಉಡಸು, ಆಯಿತು, ಉಣ್ಣುವ ಮುನ್ನ ಆ ಮುಖಕ್ಕೆ ತುತ್ತು ತೋರಿಸಿದಳು, ಹೊಸ ಸೀರೆ ಸೋಕಿಸಿದಳು, ಮಗ ಮಾಲಿಂಗನನ್ನು ಹೆತ್ತಾಗಲೂ ಮೊದಲು ಅವಳಿಗೇ ತೋರಿಸಿದಳು, ಇಷ್ಟೆಲ್ಲ ಮಾಡಿಸಿಕೊಂಡವಳಿಗೆ ಗಂಡನನ್ನೂ ಕೊಡಬೇಕೇ? ಅವನಿಗೆ ಮರೆವಿನ ರೋಗ ಬಂದ ಮೇಲೆ ಬೆಳ್ಳಿಮುಖ ಬಿಚ್ಚಿ ಜೋಳದ ಡಬ್ಬಿಯಲ್ಲಿ ಹೂತಳು, ಕಣ್ಣಿಗೆ ಬೀಳದಿದ್ದರೆ ಅವಳೂ ಮರೆತುಹೋದಾಳೆಂದು, ಅವನು ಬರಿಗೊರಳು ನೋಡಿ ಯಾರವಾ ನೀ, ನಮ್ಮ ಕಾಡಿ ಎಲ್ಲಿ ಹ್ವಾದಳು ಅಂದ, ಉಣ್ಣಲೇ ಇಲ್ಲ, ಮರಳಿ ಕಟ್ಟಿಕೊಂಡಳು, ಹೊಟ್ಟೆ ಉರಿಯುತ್ತಲೇ ಕಟ್ಟಿಕೊಂಡಳು.

ಸಂಕೇಶ್ವರದ ಬಸ್ಸು ಇನ್ನೇನು ಬರುತ್ತದೆ, ಅಲ್ಲಿಂದ ಪುಣೆ, ಮಾಲಿಂಗ ಎದ್ದೆದ್ದು ರಸ್ತೆ ನೋಡುತ್ತಾನೆ, ಅಲ್ಲೊಂದು ದವಾಖಾನಿ ಐತೆವ್ವಾ, ಅಪ್ಪನ ಎಲಬಿನೊಳಗಿಂದ ಸ್ಟೆಮ್ ಸೆಲ್ ತಗದು ಮತ್ತ ಅಪ್ಪನ ಮೈಯಾಗ ಬಿಡ್ತಾರ, ಬೀಜದಂಗ ಮಿದುಳಿನಾಗ ಚಿಗಿತಾವಂತ, ಆದರೆ ಗೋಕಾಕದ ಡಾಕ್ಟರು ಕನ್ನಡಕ ಒರೆಸುತ್ತ ಹೇಳಿದ್ದೇನು — ಅದಿನ್ನೂ ಪರೀಕ್ಷಾದಾಗ ಐತ್ರಿ ಯಲ್ಲಕ್ಕಾರ, ಗ್ಯಾರಂಟಿ ಇಲ್ಲ, ಹ್ವಾದ ನೆನಪು ತಿರುಗಿ ಬರೂದಿಲ್ಲ, ಬಾಳ ಅಂದ್ರ ಉಳಿದದ್ದು ಉಳದೀತು — ಉಳಿದದ್ದು ಯಾರು? ಇವಳಲ್ಲ, ಕಾಡವ್ವ. ಇವಳೇ ಕೈಹಿಡಿದು ಕರೆದೊಯ್ದು, ಸೂಜಿ ಚುಚ್ಚಿಸಿ, ಸವತಿಯನ್ನು ಅವನ ತಲೆಯೊಳಗೆ ಭದ್ರ ಮಾಡಿಸಿ ತರಬೇಕು! ಸುಡಲಿ. ಮಾಡಿಸದಿದ್ದರೆ? ಆ ಹೆಸರೂ ಅಳಿಸಿ, ಬಾಯಿಗೆ ಶೇಂಗಾ ಇಡುವುದನ್ನೂ ಕೈ ಮರೆತು — ಕಾಡೀ, ತಗೋ — ಬೆರಳ ತುದಿಯಲ್ಲಿ ಬೆಳ್ಳಗೆ ಒಂದು ಕಾಳು, ಒಂದು ಸಲ, ಒಂದೇ ಸಲ ನನ್ನ ಹೆಸರಿನ ಮೇಲೆ ತಿಂದೇನು, ನಾ ಯಲ್ಲಕ್ಕ ಅದೀನ್ರಿ, ನಿಮ್ಮ ಯಲ್ಲಕ್ಕ, ಅವನ ಕೈ ನಡುವೆಯೇ ನಿಂತಿತು, ಅವಳ ಮುಖ ದಾಟಿ ಹಿಂದೆ ಯಾರನ್ನೋ ಹುಡುಕಿದ, ಕಾಳನ್ನು ಮುಚ್ಚಿ ಮುಷ್ಟಿ ಹಿಡಿದ, ಬಸ್ಸು ಬಂತು, ಅವ್ವಾ, ಹತ್ತೂದೋ ಬ್ಯಾಡೋ, ಲಗೂನ ಹೇಳು, ಹತ್ತಸಪಾ ನಿಮ್ಮಪ್ಪನ್ನ, ಅಂದಳು ಯಲ್ಲಕ್ಕ, ಗಂಡನತ್ತ ಬಗ್ಗಿದಳು — ನಾ ಕಾಡೀನ ಅದೀನ್ರಿ, ಚಾಷ್ಟಿ ಮಾಡಿದ್ನಿ, ಕೊಡ್ರಿ — ಬಾಯಿ ತೆರೆದಳು, ಮುಷ್ಟಿ ತೆರೆಯಲಿಲ್ಲ, ಒಳಗೆ ಆ ಕಾಳು, ಮುಚ್ಚಿದ ಮುಷ್ಟಿ.