ಮೇಲಿನಿಂದ ಜಗ್ಗಿದ ಕೈ

ಸವಣೂರಿನ ಗುಲ್ನಾರ ಟೀಚರ ಮನೆಯಲ್ಲಿ ಮೋಡೆಮ್ ಪಡಸಾಲೆಯಲ್ಲಿತ್ತು. ಅದನ್ನು ಮೇಲಿನ ಕೋಣೆಗೆ ಒಯ್ದು, ಅಲ್ಲಿಂದ ಕೆಳಗಿನ ಕಂಪ್ಯೂಟರಿಗೆ ಒಂದು ವಾಯರು ಇಳಿಸಬೇಕಿತ್ತು. ಶಿಗ್ಗಾಂವಿಯಿಂದ ಬಂದ ಕೇಬಲ್ ಕೆಲಸದ ಫಕ್ಕೀರೇಶ ಗೋಡೆ ಒಡೆಯುವ ತಯಾರಿಯಲ್ಲೇ ಬಂದಿದ್ದ. ನೋಡಿದರೆ ಗೋಡೆಯೊಳಗೆ ಖಾಲಿ ಪೈಪೊಂದು ಮೊದಲೇ ಇತ್ತು.

"ನಮ್ಮ ಅಬ್ಬಾ ಬಿಟ್ಟಿದ್ದು," ಎಂದರು ಗುಲ್ನಾರ. ಅವರ ತಂದೆ ಅಕ್ಬರಸಾಬರು ಅರ್ಧ ಊರಿಗೆ ವೈರಿಂಗ್ ಮಾಡಿದವರು. ತೀರಿಕೊಂಡು ಎರಡು ವರ್ಷವಾಗಿತ್ತು. "ಮುಂದ ಏನರ ಬೇಕಾಕ್ಕೈತಿ, ಇರ್ಲಿ ಅಂತಿದ್ರು."

"ಚಲೋ ಆತ್ರಿ ಅಕ್ಕಾರ. ನೀವು ಮ್ಯಾಲೆ ಹೋಗಿ ನಿಂದರ್ರಿ. ನಾ ಕೆಳಗಿಂದ ತಂತಿ ದಬ್ಬತೇನಿ, ತುದಿ ಕಂಡ ಕೂಡ್ಲೇ ಹಿಡದು ಜಗ್ಗ್ರಿ."

ಗುಲ್ನಾರ ಒಳಗೆ ಹೋದರು. ಫಕ್ಕೀರೇಶ ಉಕ್ಕಿನ ತಂತಿಯ ಬಾಲಕ್ಕೆ ಮೋಡೆಮ್ಮಿಗೆ ಬರುವ ಲೈನು, ಕಂಪ್ಯೂಟರಿನ ವಾಯರು, ಎರಡೂ ಕೇಬಲ್ ಕಟ್ಟಿ ಪೈಪಿನೊಳಗೆ ತೂರಿಸುತ್ತ ಹೋದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಎರಡು ಸಣ್ಣ ಜಗ್ಗು ಬಂದವು, ಹಿಡಿದಿದ್ದೇನೆ ಎನ್ನುವಂತೆ. ಆಮೇಲೆ ತಂತಿ ತಾನೇ ಏರತೊಡಗಿತು. ಪೈಪು ಬಾಗಿದ ಕಡೆ ಕೇಬಲ್ ತೊಡರಿದಾಗ ಜಗ್ಗುವುದು ನಿಂತಿತು. ಅವನು ಸಡಿಲ ಮಾಡಿದ ಮೇಲೆ ಮತ್ತೆ ಶುರುವಾಯಿತು. ಟೀಚರ ಕೈ ಪಳಗಿದ ಕೈ ಎಂದುಕೊಂಡ.

"ಸಾಕ್ರಿ ಅಕ್ಕಾರ!" ಎಂದು ಕೂಗಿದ. ತಟ್ಟನೆ ನಿಂತಿತು.

"ತಪ್ಪು ತಿಳೀಬ್ಯಾಡ ತಮ್ಮಾ," ಬೆನ್ನ ಹಿಂದೆ ಮಾತು ಕೇಳಿತು. ಗುಲ್ನಾರ ಒರೆಸುವ ಅರಿವೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಹಾಲು ಉಕ್ಕಿ ಒಲಿ ಮ್ಯಾಲೆಲ್ಲಾ ಚೆಲ್ಲಿತ್ತು. ಈಗ ಹೋಗ್ತೇನಿ."

ಫಕ್ಕೀರೇಶ ಕೈಯಲ್ಲಿದ್ದ ಕೇಬಲ್ ಬಿಟ್ಟುಬಿಟ್ಟ. "ಮ್ಯಾಲೆ ಯಾರದಾರ್ರಿ?"

"ಯಾರೂ ಇಲ್ಲ. ಅಬ್ಬಾನ ಖೋಲಿ ಅದು. ಕೀಲಿ ಹಾಕೇತಿ." ಕೀಲಿಕೈ ಅವರ ಕೈಯಲ್ಲೇ ಇತ್ತು.

ಇಬ್ಬರೂ ಮೆಟ್ಟಿಲು ಹತ್ತಿದರು. ಜಂಗು ಹಿಡಿದ ಕೀಲಿ ಬಿಚ್ಚಲು ಹೆಣಗಬೇಕಾಯಿತು. ಮುಚ್ಚಿದ ಕಿಟಕಿಯ ಸಂದಿಯಿಂದ ಮಧ್ಯಾಹ್ನದ ಬಿಸಿಲು ಗೆರೆಯಾಗಿ ಬಿದ್ದಿತ್ತು. ನೆಲದ ತುಂಬ ದಪ್ಪ ಧೂಳು, ಅದರ ಮೇಲೆ ಒಂದೂ ಹೆಜ್ಜೆಯ ಗುರುತಿರಲಿಲ್ಲ. ಪೈಪಿನ ಬಾಯಿಯ ಕೆಳಗೆ ಎರಡು ಕೇಬಲ್ಲೂ ಬೇರೆಬೇರೆಯಾಗಿ ಸಿಂಬೆ ಸುತ್ತಿ ಕೂತಿದ್ದವು. ಫಕ್ಕೀರೇಶ ಬಿಗಿದಿದ್ದ ಗಂಟು ಬಿಚ್ಚಿತ್ತು. ಉಕ್ಕಿನ ತಂತಿ ಗೋಡೆಗೆ ಒರಗಿತ್ತು.

ಓಡಿಬಿಡಬೇಕು ಅನ್ನಿಸಿತು ಅವನಿಗೆ. ಗುಲ್ನಾರ ಮಾತ್ರ ಕುಕ್ಕರಗಾಲಲ್ಲಿ ಕೂತು ಸಿಂಬೆಯನ್ನೇ ನೋಡುತ್ತಿದ್ದರು.

"ಜೋರಲೆ ಜಗ್ಗಿದ್ರೇನ?" ಎಂದು ಕೇಳಿದರು.

"ಇಲ್ರಿ. ಮೆತ್ತಗ. ನಾ ಸಾಕು ಅಂದ ಕೂಡ್ಲೇ ನಿಂದ್ರಿಸಿದ್ರು."

"ಕಡೀಗೆ ಕೈ ನಡಗತಿತ್ತು ಅವರದು. ಚಮಚೆ ಸೈತ ಹಿಡಿಯಾಕ ಆಗ್ತಿರಲಿಲ್ಲ." ಗುಲ್ನಾರ ಸೆರಗಿನಿಂದ ಕಣ್ಣೊತ್ತಿಕೊಂಡರು. "ಈಗ ಆರಾಮ ಅದಾರ ಹಂಗಾರ."

ಫಕ್ಕೀರೇಶ ಬಾಗಿಲ ಕಡೆಗೇ ಮುಖ ಮಾಡಿ ಕೂತು ಮೋಡೆಮ್ ಜೋಡಿಸಿದ. ಹಸಿರು ದೀಪ ಹತ್ತಿತು, ಕೆಳಗಿನ ಕಂಪ್ಯೂಟರಿಗೂ ನೆಟ್ ಬಂತು. ಉಳಿದ ಕೇಬಲ್ ಕತ್ತರಿಸಲು ಅವನು ಇಕ್ಕಳ ತೆಗೆದಾಗ ಗುಲ್ನಾರ ಬೇಡವೆಂದರು. "ಅಬ್ಬಾ ಸುತ್ತಿದ್ದು, ಇರ್ಲಿ."

ಈಗಲೂ ಅವನು ಊರೂರು ತಿರುಗಿ ಅದೇ ಕೆಲಸ ಮಾಡುತ್ತಾನೆ. ಆದರೆ ಪೈಪಿನೊಳಗೆ ತಂತಿ ತೂರಿಸುವ ಮುಂಚೆ ಮೇಲೆ ಹತ್ತಿ, ಆ ತುದಿಯಲ್ಲಿ ಯಾರಿದ್ದಾರೆಂದು ಕಣ್ಣಾರೆ ನೋಡಿ ಬರುತ್ತಾನೆ.