ಕೋಟಿನ ಏಳು ಕಾಜಾ

ಹನ್ನೊಂದನೇ ಸಲವೂ ದಾರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಜಾರಿತು. ಕೋಟು ಮಾಸ್ಟರ್ ಕನ್ನಡಕ ಹಣೆಗೇರಿಸಿದರು, ಇಳಿಸಿದರು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದು ಹನ್ನೆರಡನೇ ಸಲ ಗುರಿಯಿಟ್ಟರು. ಸೀಮೆಸುಣ್ಣ ಕೇಳುವ ನೆಪದಲ್ಲಿ ಹರಟೆಗೆಂದು ಬಂದ ಎದುರಂಗಡಿಯ ಟೈಲರ್ ಬಾಗಿಲಲ್ಲೇ ನಿಂತು ಅದನ್ನು ನೋಡಿಬಿಟ್ಟ.

ಈ ಟೈಲರಿಗೆ ಬೀದಿಯವರು ಇಟ್ಟ ಹೆಸರು ಅಯ್ಯೋಪಾಪ. ಮರುಕದಲ್ಲಿ ಅವನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಸಾವಿನ ಮನೆಯಲ್ಲಿ ಅವನು ಅಳುವ ರಭಸಕ್ಕೆ, ಹೆಂಡತಿಯನ್ನು ಕಳೆದುಕೊಂಡವನೇ ಎದ್ದು ಬಂದು ಅವನಿಗೆ ನೀರು ಕುಡಿಸಬೇಕಾಗುತ್ತಿತ್ತು. ಯಾರಿಗೋ ನೆಗಡಿಯಾಯಿತೆಂದು ಒಮ್ಮೆ ಅವನು ಬಿಟ್ಟ ನಿಟ್ಟುಸಿರಿಗೆ ಮೂರು ಅಂಗಡಿಯಾಚೆ ಒಣಹಾಕಿದ್ದ ಬಟ್ಟೆಗಳು ಹಾರಿಹೋಗಿದ್ದವು.

"ಅಯ್ಯೋ ಪಾಪ, ಮಾಸ್ಟ್ರೇ! ಕಣ್ಣು ಹೋಯ್ತಾ?"

"ಮೆಲ್ಲಗೆ ಮಾತಾಡೋ, ದರಿದ್ರದವನೇ!" ಮಾಸ್ಟರ್ ಗದರಿದರು. "ಸಂಜೆ ಐದಕ್ಕೆ ಮದುಮಗನ ಅಪ್ಪ ಕೋಟಿಗೆ ಬರ್ತಾನೆ. ಗುಂಡಿ ಹಾಕೋಕೆ ಏಳು ಕಾಜಾ ಹೊಲಿಯೋದು ಬಾಕಿ ಇದೆ. ಮುದುಕನಿಗೆ ಸೂಜಿ ಕಾಣಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಈ ಬಾಗಿಲಿಗೆ ನೊಣವೂ ಬರಲ್ಲ. ನಿನ್ನ ಮರುಕ ಹೊತ್ಕೊಂಡು ನಡಿ ಆಚೆ!"

ಅಯ್ಯೋಪಾಪ ತನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ. ಮೆಷಿನ್ನಿನಲ್ಲಿ ಅಂಚು ಹೊಲಿಯುತ್ತಿದ್ದ ಹೆಂಡತಿ ಕಥೆ ಕೇಳಿ ಪೆಡಲು ನಿಲ್ಲಿಸಿದಳು.

"ರೀ, ನೀವಿಲ್ಲಿ ಕೊಡಗಟ್ಟಲೆ ಕಣ್ಣೀರು ಸುರಿಸಿದ್ರೆ ಅವರ ಸೂಜಿಗೆ ದಾರ ಬೀಳುತ್ತಾ?"

"ನಾನು ಪೋಣಿಸಿಕೊಡ್ತೀನಿ ಅಂದ್ರೆ ಕತ್ತರಿ ಎಸೀತಾರೆ ಕಣೇ."

"ಪಾಪ ಅಂದ್ರೆ ಎಸೀತಾರೆ. ಜಗಳ ಆಡಿ ನೋಡಿ. ಜಗಳಾನ ಅವರು ಯಾವತ್ತೂ ಬೇಡ ಅಂದಿಲ್ಲ."

ಅವನು ಒಂದು ಹಿಡಿ ಸೂಜಿ ಎತ್ತಿಕೊಂಡು ಬೀದಿ ದಾಟಿದ.

"ಮಾಸ್ಟ್ರೇ, ನಿಮ್ಮ ಕೈ ಆಮೆಗಿಂತ ನಿಧಾನ. ನೀವು ಒಂದು ಕಾಜಾ ಮುಗಿಸೋದ್ರೊಳಗೆ ನಾನು ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಊಟ ಮಾಡಿ, ಒಂದು ನಿದ್ದೆನೂ ತೆಗೀತೀನಿ. ಪಂದ್ಯ?"

ಮಾಸ್ಟರ್ ಅವನ ಮುಖ ನೋಡಿದರು, ಅವನ ಹಿಡಿಯಲ್ಲಿದ್ದ ಸೂಜಿಗಳನ್ನು ನೋಡಿದರು.

"ಬಾಯಲ್ಲಿ ಪೋಣಿಸ್ತೀಯೋ ಕೈಯಲ್ಲೋ?" ಎಂದವರು ಕಾಲಿನಿಂದ ಸ್ಟೂಲೊಂದನ್ನು ತಳ್ಳಿದರು. "ಕೂತ್ಕೋ. ಸೋತ್ರೆ ಅಳಬಾರದು, ನೋಡು."

ಮಾಸ್ಟರ್ ಬೆರಳುಗಳಿಗೆ ಕಣ್ಣಿನ ಹಂಗೇ ಇರಲಿಲ್ಲ. ಹೆಬ್ಬೆರಳಿನ ಉಗುರು ಬಟ್ಟೆಯ ಸೀಳಿನಗುಂಟ ಸರಿಯುತ್ತಿತ್ತು, ಅದರ ಬೆನ್ನಿಗೇ ಸೂಜಿ. ಇರುವೆಗಳೂ ನಾಚುವಷ್ಟು ಶಿಸ್ತಿನಲ್ಲಿ ಹೊಲಿಗೆ ಸಾಲುಗಟ್ಟಿತು. ದಾರ ಮುಗಿದಾಗಲೆಲ್ಲ ಇನ್ನೊಂದು ಸೂಜಿ ಸಿದ್ಧವಾಗಿರುತ್ತಿತ್ತು. "ಆಮೆ," ಎಂದು ಇವನು, "ಬಾಯಿಬಡುಕ," ಎಂದು ಅವರು.

ಐದನೇ ಕಾಜಾ ಅರ್ಧವಾಗಿತ್ತು. ಗಂಟೆ ನಾಲ್ಕೂ ಆಗಿರಲಿಲ್ಲ, ಮದುಮಗನ ಅಪ್ಪ ಬಂದು ಬಾಗಿಲಲ್ಲಿ ನಿಂತ.

"ಇದೇನು, ಅಯ್ಯೋಪಾಪ ಇಲ್ಲಿ ದಾರ ಹಾಕ್ತಾ ಕೂತಿದಾನೆ? ಮಾಸ್ಟ್ರಿಗೇನಾಯ್ತು?"

ಸೂಜಿ ಬಟ್ಟೆಯಲ್ಲೇ ನಿಂತಿತು. ಮಾಸ್ಟರ್ ಮುಖ ಸುಣ್ಣದಂತಾಯಿತು.

ಆನೆಗೆ ಒಂದೇ ಮಧ್ಯಾಹ್ನದಲ್ಲಿ ಪ್ಯಾಂಟು ಹೊಲಿದುಕೊಟ್ಟವನು ತಾನೆಂದು ಇಡೀ ಬೀದಿಯನ್ನು ನಂಬಿಸಲು ಹೆಣಗುತ್ತಿದ್ದ ಅಯ್ಯೋಪಾಪ ತಲೆ ತಗ್ಗಿಸಿದ.

"ನನಗೆ ಕಾಜಾ ಹಾಕೋಕೆ ಬರಲ್ಲ ಸಾರ್. ಕಲಿಯೋಕೆ ಬಂದಿದೀನಿ. ಮಾಸ್ಟ್ರು ಇನ್ನೂ ದಾರ ಪೋಣಿಸೋ ಪಾಠದಲ್ಲೇ ಇಟ್ಟಿದಾರೆ."

"ಈ ವಯಸ್ಸಲ್ಲಾ!" ಆತನ ಹೊಟ್ಟೆ ಕುಣಿಯಿತು. "ಇಷ್ಟು ವರ್ಷ ನಮ್ಮ ಬಟ್ಟೆ ಹಾಳು ಮಾಡಿದ್ದು ಸಾಲದು ಅಂತಾನಾ? ತಡಿ, ಎಲ್ಲರಿಗೂ ಹೇಳ್ತೀನಿ. ಮಾಸ್ಟ್ರೇ, ಐದಕ್ಕೆ ಬರ್ತೀನಿ."

ಆತನ ನಗು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಒಳಗೆ ಮಾಸ್ಟರ್ ಆ ಕಾಜಾ ಮುಗಿಸಿ ಗಂಟು ಹಾಕಿದರು, ಕೋಟಿನ ಇನ್ನೊಂದು ತೋಳನ್ನು ಮಡಿಲಿಗೆಳೆದುಕೊಂಡರು. ಆಮೇಲೆ ಕತ್ತು ತಿರುಗಿಸದೆಯೇ ಎಡಗೈಯನ್ನು ಪಕ್ಕಕ್ಕೆ ಚಾಚಿ ಅಂಗೈ ಬಿಚ್ಚಿದರು.

ಅಯ್ಯೋಪಾಪ ದಾರದ ಸಿಕ್ಕು ಬಿಡಿಸಿ, ಮೊನೆ ಚುಚ್ಚದಂತೆ ಸೂಜಿಯನ್ನು ಅಲ್ಲಿ ಅಡ್ಡಡ್ಡಲಾಗಿ ಇಟ್ಟ.